ಬರಕ್ಕೆ ಸಿಕ್ಕ ರಾಗಿ ಎಲೆಯ ಪ್ರೋಟೀನುಗಳನ್ನು ನೋಡುವುದು ಹೇಗೆ?

ಕೃಷಿ ಮತ್ತು ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ, ಅವರಿಂದ ಪ್ರಾಜೆಕ್ಟ್ ಮಾಡಿಸುವ ಅಧ್ಯಾಪಕರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ನೀರು ನಿಲ್ಲಿಸಿದೆವು, ಎಲೆ ಅರೆದೆವು, ಜೆಲ್ ಓಡಿಸಿದೆವು. ಬ್ಯಾಂಡುಗಳಲ್ಲಿ ವ್ಯತ್ಯಾಸ ಕಾಣುತ್ತಿದೆ. ಇದರ ಅರ್ಥವೇನು?" ಜೆಲ್ ಎಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬಿಡಿಸಿ ಪಟ್ಟೆಗಳಾಗಿ, ಅಂದರೆ ಬ್ಯಾಂಡುಗಳಾಗಿ, ತೋರಿಸುವ ತೆಳು ಹಾಳೆ. ಬಹಳ ಸಲ ಉತ್ತರ ಜೆಲ್ಲಿನಲ್ಲಿ ಇರುವುದೇ ಇಲ್ಲ. ಎಲೆ ಕಿತ್ತ ದಿನ ಮಣ್ಣಿನಲ್ಲಿ ಎಷ್ಟು ನೀರಿತ್ತು, ಎಲೆಯಲ್ಲಿ ಎಷ್ಟಿತ್ತು ಎಂದು ಯಾರೂ ಅಳೆದಿರುವುದಿಲ್ಲ. ಆ ಎರಡು ಅಂಕಿಗಳಿಲ್ಲದ ಜೆಲ್ ಎಷ್ಟೇ ಅಂದವಾಗಿದ್ದರೂ ಬರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಗಾಗಿ ಪ್ರೋಟೀನಿನ ಈ ಮಾರ್ಗದರ್ಶಿಯಲ್ಲಿ ನೀರಿನ ಮಾತೇ ಸಾಕಷ್ಟಿದೆ; ಬೇಸರಿಸಬೇಡಿ.

ಉದಾಹರಣೆಗೆ ರಾಗಿಯನ್ನು ತೆಗೆದುಕೊಂಡಿದ್ದೇನೆ. ದಕ್ಷಿಣ ಕರ್ನಾಟಕದ ಮಳೆಯಾಶ್ರಿತ ಹೊಲಗಳ ಬೆಳೆ, ಕುಂಡದಲ್ಲಿ ಸುಲಭವಾಗಿ ಬೆಳೆಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ 2017ರಲ್ಲಿ ಎಂಎಲ್-365 ತಳಿಯ ಜೀನೋಮ್ ಪ್ರಕಟಿಸಿದ್ದರಿಂದ ಪ್ರೋಟೀನುಗಳನ್ನು ಗುರುತಿಸುವ ದಾರಿಯೂ ತೆರೆದಿದೆ. ಜೋಳ, ಶೇಂಗಾ, ತೊಗರಿಗೂ ಹಂತಗಳು ಇವೇ. ದಿನಗಳು ಮತ್ತು ಅಳತೆಗಳು ಬದಲಾಗುತ್ತವೆ.

ಏನನ್ನು ಹುಡುಕುತ್ತಿದ್ದೀರಿ?

ಮಣ್ಣು ಒಣಗಿದಾಗ ಸಸ್ಯದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರುತ್ತದೆ. ಜೀವಕೋಶದಲ್ಲಿ ಇದನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳು ಯಾವುವು ಎಂಬುದು ಸ್ಪಷ್ಟವಾದದ್ದು 2009ರಲ್ಲಿ. ಗ್ರಾಹಕಕ್ಕೆ ಹಾರ್ಮೋನು ಅಂಟಿಕೊಂಡರೆ ಅದು ಪಿಪಿ2ಸಿ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಪಿಪಿ2ಸಿಯ ಕೆಲಸ ಎಸ್‌ಎನ್‌ಆರ್‌ಕೆ2 ಎಂಬ ಇನ್ನೊಂದು ಗುಂಪಿನ ಕಿಣ್ವಗಳನ್ನು ತಡೆದಿಡುವುದು. ತಡೆ ಹೋದ ಕೂಡಲೇ ಎಸ್‌ಎನ್‌ಆರ್‌ಕೆ2 ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತಾ ಹೋಗುತ್ತದೆ. ಅದರಿಂದ ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ರಂಧ್ರ, ಮುಚ್ಚಿಕೊಳ್ಳುತ್ತದೆ. ರಕ್ಷಣೆಯ ಜೀನುಗಳು ಚಾಲೂ ಆಗುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಬರಕ್ಕೆ ಸಸ್ಯದ ಮೊದಲ ಪ್ರತಿಕ್ರಿಯೆಯಲ್ಲಿ ಹೊಸ ಪ್ರೋಟೀನು ಹುಟ್ಟುವುದಿಲ್ಲ. ಇರುವ ಪ್ರೋಟೀನಿಗೆ ಫಾಸ್ಫೇಟಿನ ಗುರುತು ಬೀಳುತ್ತದೆ. ಸಾಮಾನ್ಯ ಜೆಲ್ಲಿನಲ್ಲಿ ಅದು ಕಾಣುವುದಿಲ್ಲ. ನೀವು ಕಾಣುವುದು ಗಂಟೆಗಳ, ದಿನಗಳ ನಂತರದ ಕಥೆ. ಅದರಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಪಾತ್ರಗಳಿವೆ.

ಮೊದಲನೆಯದು ಎಲ್‌ಇಎ ಪ್ರೋಟೀನುಗಳು. ಬೀಜ ಬಲಿತು ಒಣಗುವ ಕಾಲದಲ್ಲಿ ತುಂಬಿಕೊಳ್ಳುವ ಇವು 1981ರಲ್ಲಿ ಮೊದಲು ಹತ್ತಿಬೀಜದಲ್ಲಿ ಕಂಡವು. ಇವುಗಳದೇ ಒಂದು ಶಾಖೆ ಡಿಹೈಡ್ರಿನ್. ಕೋಶ ಒಣಗುವಾಗ ಪೊರೆಗಳಿಗೂ ಬೇರೆ ಪ್ರೋಟೀನುಗಳಿಗೂ ರಕ್ಷಣೆಯಾಗಿ ನಿಲ್ಲುತ್ತದೆ. ಎರಡನೆಯದು ಉಷ್ಣಾಘಾತ ಪ್ರೋಟೀನುಗಳು. ಮಡಿಕೆ ತಪ್ಪಿದ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ನೋಡಿಕೊಳ್ಳುತ್ತವೆ. ಮೂರನೆಯದು ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಆಸ್ಕಾರ್ಬೇಟ್ ಪೆರಾಕ್ಸಿಡೇಸ್, ಕ್ಯಾಟಲೇಸ್‌ನಂತಹ ಕಿಣ್ವಗಳು. ಪತ್ರರಂಧ್ರ ಮುಚ್ಚಿದ ಮೇಲೂ ಬಿಸಿಲು ಬೀಳುತ್ತಲೇ ಇರುವುದರಿಂದ ಹುಟ್ಟುವ ಹಾನಿಕರ ಆಮ್ಲಜನಕ ರೂಪಗಳನ್ನು ಇವು ತೆಗೆದುಹಾಕುತ್ತವೆ. ನಾಲ್ಕನೆಯ ಗುಂಪು ಇಳಿಯುವವು: ರುಬಿಸ್ಕೊ ಮೊದಲಾದ ದ್ಯುತಿಸಂಶ್ಲೇಷಣೆಯ ಪ್ರೋಟೀನುಗಳು.

ಪ್ರೋಲಿನ್ ಈ ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಪ್ರೋಲಿನ್ ಪ್ರೋಟೀನಲ್ಲ, ಅಮೈನೊ ಆಮ್ಲ. ಬರದಲ್ಲಿ ಅದು ಬಿಡಿಯಾಗಿಯೇ ಶೇಖರವಾಗುತ್ತದೆ, ನಿನ್‌ಹೈಡ್ರಿನ್ ಬಣ್ಣದಿಂದ ಅಳೆಯುತ್ತಾರೆ, ಜೆಲ್ಲಿನಲ್ಲಿ ಕಾಣುವುದಿಲ್ಲ.

ಬೇಕಾಗುವುದು

ಮಳೆ ಬೀಳದಂತೆ ಮೇಲೆ ಪಾಲಿಥೀನ್ ಹೊದಿಸಿದ, ಪಕ್ಕಗಳು ತೆರೆದಿರುವ ಸೂರು, ಒಂದೇ ಅಳತೆಯ ಕುಂಡಗಳು, ಹತ್ತು ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿ, ಎಲೆಗಾಗಿ ಮಿಲಿಗ್ರಾಂ ತೂಗುವ ಇನ್ನೊಂದು ತಕ್ಕಡಿ, ಒಣಗಿಸುವ ಓವನ್, ದ್ರವ ಸಾರಜನಕ, ತಂಪು ಮಾಡುವ ಸೆಂಟ್ರಿಫ್ಯೂಜ್, ಸ್ಪೆಕ್ಟ್ರೊಫೋಟೊಮೀಟರ್, ಎಸ್‌ಡಿಎಸ್-ಪೇಜ್ ಉಪಕರಣ. ಕೊನೆಯದು ಮೇಲೆ ಹೇಳಿದ ಜೆಲ್ ವಿಧಾನ; ಎಸ್‌ಡಿಎಸ್ ಎಂದರೆ ಪ್ರೋಟೀನಿಗೆ ಅಂಟಿಕೊಳ್ಳುವ ಮಾರ್ಜಕ. ಪ್ರೋಟೀನು ಯಾವುದೆಂದು ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್ ನಿಮ್ಮಲ್ಲಿ ಇರಬೇಕಾಗಿಲ್ಲ. ಬೆಂಗಳೂರಿನ ಸಿ-ಕ್ಯಾಂಪ್‌ನಂತಹ ಸಂಸ್ಥೆಗಳು ಶುಲ್ಕ ಪಡೆದು ಮಾಡಿಕೊಡುತ್ತವೆ.

ಹಂತ 1: ಬರವನ್ನು ತೂಗಿ ಕೊಡಿ

"ಏಳು ದಿನ ನೀರು ಹಾಕಲಿಲ್ಲ" ಎಂಬುದು ಅಳತೆಯಲ್ಲ. ಮೋಡ ಕವಿದ ವಾರದ ಏಳು ದಿನಗಳೂ ಏಪ್ರಿಲ್ ಬಿಸಿಲಿನ ಏಳು ದಿನಗಳೂ ಒಂದೇ ಅಲ್ಲ.

ಮೊದಲು ಮಣ್ಣಿನ ಜಲಧಾರಣಾ ಸಾಮರ್ಥ್ಯ ಕಂಡುಕೊಳ್ಳಿ, ಅಂದರೆ ಹೆಚ್ಚುವರಿ ನೀರು ಬಸಿದುಹೋದ ಮೇಲೆ ಮಣ್ಣು ಹಿಡಿದಿಟ್ಟುಕೊಳ್ಳುವ ನೀರು ಎಷ್ಟೆಂದು. ಸಸಿಯಿಲ್ಲದ ಒಂದು ಕುಂಡಕ್ಕೆ ತಳದಿಂದ ಸುರಿಯುವವರೆಗೆ ನೀರುಣಿಸಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಒಂದು ದಿನ ಬಿಟ್ಟು ತೂಗಿ. ಅದೇ ಮಣ್ಣಿನ ಸ್ವಲ್ಪ ಭಾಗವನ್ನು 105 ಡಿಗ್ರಿಯಲ್ಲಿ ಒಣಗಿಸಿ ಒಣ ತೂಕ ತಿಳಿದುಕೊಳ್ಳಿ. ಲೆಕ್ಕ ಹೀಗೆ: ಕುಂಡ 0.4 ಕೆಜಿ, ಒಣ ಮಣ್ಣು 8 ಕೆಜಿ, ಅದು ಹಿಡಿಯುವ ನೀರು 1.6 ಕೆಜಿ ಎಂದುಕೊಳ್ಳಿ. ನೀರುಂಡ ಗುಂಪನ್ನು ಶೇ 80ರಲ್ಲಿ ಇಡುವುದಾದರೆ ಕುಂಡದ ತೂಕ 9.68 ಕೆಜಿ, ಬರದ ಗುಂಪನ್ನು ಶೇ 40ರಲ್ಲಿ ಇಡುವುದಾದರೆ 9.04 ಕೆಜಿ. ಪ್ರತಿ ಸಂಜೆ ಒಂದೇ ಹೊತ್ತಿಗೆ ತೂಗಿ, ಕಡಿಮೆಯಾದಷ್ಟು ನೀರು ಹಾಕಿ. ಸಸಿ ಬೆಳೆದಂತೆ ಅದರ ತೂಕವೂ ಸೇರುವುದರಿಂದ ನಾಲ್ಕೈದು ಕುಂಡ ಹೆಚ್ಚಿಗೆ ಇಟ್ಟುಕೊಂಡು, ಆಗಾಗ ಒಂದನ್ನು ಕಿತ್ತು ತೂಗಿ ಲೆಕ್ಕ ಸರಿಪಡಿಸಿ.

ತೆಂಡೆ ಒಡೆದು ಪೈರು ಚೆನ್ನಾಗಿ ಕುದುರಿದ ಮೇಲೆ, ಬಿತ್ತಿದ ಸುಮಾರು 30ರಿಂದ 35 ದಿನಗಳಿಗೆ, ಬರ ಆರಂಭಿಸಿದರೆ ಮೊದಲ ಪ್ರಯೋಗಕ್ಕೆ ಅನುಕೂಲ. ಹೊಡೆ ಮತ್ತು ಹೂವಿನ ಹಂತದ ಬರ ಇಳುವರಿಗೆ ಹೆಚ್ಚು ಮುಖ್ಯ, ನಿಜ. ಆದರೆ ಆಗ ಬರ ಕಂಡ ಗಿಡ ಹೂ ತಡಮಾಡುತ್ತದೆ, ನೀರುಂಡ ಗಿಡ ತೆನೆ ಹೊರಡಿಸಿರುತ್ತದೆ. ನೀವು ಬರವನ್ನು ಹೋಲಿಸುತ್ತಿದ್ದೀರೋ ಎರಡು ವಯಸ್ಸುಗಳನ್ನು ಹೋಲಿಸುತ್ತಿದ್ದೀರೋ ಎಂದು ಗೊತ್ತಾಗುವುದಿಲ್ಲ.

ಎಚ್ಚರ: ಪಿಇಜಿ 6000, ಅಂದರೆ ನೀರು ಬೇರಿಗೆ ಸುಲಭವಾಗಿ ಸಿಗದಂತೆ ಮಾಡುವ ರಾಸಾಯನಿಕದ ದ್ರಾವಣದಲ್ಲಿ ಸಸಿಯ ಬೇರು ಮುಳುಗಿಸಿ ಕೆಲವು ಗಂಟೆಗಳಲ್ಲಿ ಫಲಿತಾಂಶ ಪಡೆಯುವ ಅಡ್ಡದಾರಿ ಜನಪ್ರಿಯ. ಮೊಳಕೆ ಪರೀಕ್ಷೆಗೆ ಅದು ಸರಿ. ಆದರೆ ಕೆಂಪು ಮಣ್ಣಿನಲ್ಲಿ ಎರಡು ವಾರ ನಿಧಾನವಾಗಿ ಒಣಗುವ ಗಿಡಕ್ಕೆ ಹೊಂದಿಕೊಳ್ಳಲು ಸಮಯವಿರುತ್ತದೆ. ಪಿಇಜಿಯಲ್ಲಿ ಮುಳುಗಿದ ಗಿಡಕ್ಕೆ ಬೀಳುವುದು ಪೆಟ್ಟು. ಎರಡರ ಪ್ರೋಟೀನುಗಳನ್ನು ಒಂದೇ ಕೋಷ್ಟಕದಲ್ಲಿ ಹಾಕಬೇಡಿ.

ಹಂತ 2: ಎಲೆಯ ನೀರು ಅಳೆಯಿರಿ

ಸಾಪೇಕ್ಷ ನೀರಿನಂಶ ಎಂದರೆ ಎಲೆ ಹಿಡಿಯಬಲ್ಲ ಪೂರ್ತಿ ನೀರಿನಲ್ಲಿ ಈಗ ಶೇಕಡಾ ಎಷ್ಟಿದೆ ಎಂಬ ಅಳತೆ. ಎಲೆಯ ತುಂಡು ಕತ್ತರಿಸಿದ ಕೂಡಲೇ ತೂಗಿ. ಇದು ಹಸಿ ತೂಕ. ಭಟ್ಟಿ ಇಳಿಸಿದ ನೀರಿನಲ್ಲಿ ನಾಲ್ಕು ಗಂಟೆ ತೇಲಿಬಿಟ್ಟು, ಮೇಲಿನ ನೀರನ್ನು ಕಾಗದದಿಂದ ಒತ್ತಿ ತೆಗೆದು ಮತ್ತೆ ತೂಗಿ. ಇದು ತುಂಬಿದ ತೂಕ. 70 ಡಿಗ್ರಿ ಓವನ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೂಗಿದರೆ ಒಣ ತೂಕ. ಹಸಿ ತೂಕದಿಂದ ಒಣ ತೂಕ ಕಳೆದು, ಅದನ್ನು ತುಂಬಿದ ತೂಕದಿಂದ ಒಣ ತೂಕ ಕಳೆದ ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿ.

ನೀರುಂಡ ಎಲೆಯಲ್ಲಿ ಸಾಮಾನ್ಯವಾಗಿ ಶೇ 85ರಿಂದ 95 ಬರುತ್ತದೆ. ಶೇ 70ರ ಆಸುಪಾಸು ಸಾಧಾರಣ ಬರ. ಶೇ 50ರ ಹತ್ತಿರ ಹೋದರೆ ನೀವು ನೋಡುತ್ತಿರುವುದು ಹೊಂದಾಣಿಕೆಯಲ್ಲ, ಸಾವಿನ ಸಿದ್ಧತೆ ಇರಬಹುದು. ನೀರುಂಡ ಗುಂಪಿನಲ್ಲೇ ಶೇ 75 ಬಂದರೆ ಮುಂದೆ ಹೋಗಬೇಡಿ. ಎಲೆ ಕತ್ತರಿಸಿ ತೂಗುವ ನಡುವೆ ಮಾತಾಡುತ್ತಾ ನಿಂತಿದ್ದೀರಿ ಅಥವಾ ಕುಂಡಕ್ಕೆ ನೀರು ಸಾಲುತ್ತಿಲ್ಲ.

ಎರಡು ತಳಿಗಳನ್ನು ಹೋಲಿಸುವವರು ಇದನ್ನು ಗಮನಿಸಲೇಬೇಕು. ಹೋಲಿಕೆ ಒಂದೇ ದಿನದ ನಡುವೆ ಆಗಬಾರದು, ಒಂದೇ ನೀರಿನಂಶದ ನಡುವೆ ಆಗಬೇಕು. ಚಿಕ್ಕ ಗಿಡ ನೀರನ್ನು ನಿಧಾನವಾಗಿ ಕುಡಿಯುತ್ತದೆ, ಅದರ ಕುಂಡ ತಡವಾಗಿ ಒಣಗುತ್ತದೆ. ಹತ್ತನೆಯ ದಿನ ದೊಡ್ಡ ತಳಿ ಶೇ 60ಕ್ಕೆ ಇಳಿದಿದ್ದು, ಚಿಕ್ಕದು ಶೇ 85ರಲ್ಲೇ ಇದ್ದರೆ, ಚಿಕ್ಕದರಲ್ಲಿ ಡಿಹೈಡ್ರಿನ್ ಇಲ್ಲದಿರುವುದು ಸಹಜ. ಅದಿನ್ನೂ ಬರವನ್ನೇ ಕಂಡಿಲ್ಲ. ಪ್ರಬಂಧಗಳಲ್ಲಿ "ಸಹಿಷ್ಣು ತಳಿ" ಎಂದು ಬರೆದಿರುವ ಎಷ್ಟೋ ಕಡೆ ನನಗೆ ಇದೇ ಅನುಮಾನ.

ಹಂತ 3: ಎಲೆ ಕೀಳುವುದು

ಎಲ್ಲ ಗಿಡಗಳಿಂದಲೂ ಒಂದೇ ಸ್ಥಾನದ ಎಲೆ, ಉದಾಹರಣೆಗೆ ಮೇಲಿನಿಂದ ಪೂರ್ತಿ ಬಿಚ್ಚಿದ ಎರಡನೆಯ ಎಲೆ. ಕೆಳಗಿನ ಎಲೆಗಳು ಹೇಗೂ ಹಣ್ಣಾಗುತ್ತಿರುತ್ತವೆ. ಅಲ್ಲಿ ರುಬಿಸ್ಕೊ ಇಳಿದರೆ ಅದು ಬರವೋ ಮುಪ್ಪೋ ಹೇಳಲಾಗದು. ಎರಡೂ ಗುಂಪುಗಳನ್ನು ಒಂದೇ ಗಂಟೆಯೊಳಗೆ ಮುಗಿಸಿ. ನೀರುಂಡವನ್ನು ಬೆಳಿಗ್ಗೆ, ಬರದ್ದನ್ನು ಊಟ ಮುಗಿಸಿ ಬಂದು ಕಿತ್ತರೆ ಹಗಲಿನ ಏರಿಳಿತವೂ ಬಿಸಿಯೂ ನಿಮ್ಮ ಫಲಿತಾಂಶದಲ್ಲಿ ಸೇರಿಕೊಳ್ಳುತ್ತವೆ. ಬಿಸಿಯ ವಿಷಯ ಇನ್ನೂ ಒಂದಿದೆ: ಪತ್ರರಂಧ್ರ ಮುಚ್ಚಿದ ಎಲೆ ಬೆವರದೆ ಕಾಯುತ್ತದೆ. ಉಷ್ಣಾಘಾತ ಪ್ರೋಟೀನು ಏರಿದ್ದು ನೀರಿನ ಕೊರತೆಗೋ ಕಾದದ್ದಕ್ಕೋ ತಿಳಿಯಲು ಎಲೆಯ ಉಷ್ಣಾಂಶವನ್ನು ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದಾದರೂ ಬರೆದಿಟ್ಟುಕೊಳ್ಳಿ.

ಪ್ರತಿ ಗುಂಪಿಗೆ ಕನಿಷ್ಠ ಮೂರು ಬೇರೆ ಬೇರೆ ಕುಂಡಗಳು. ಒಂದೇ ಎಲೆಯ ರಸವನ್ನು ಜೆಲ್ಲಿನ ಮೂರು ಲೇನುಗಳಿಗೆ, ಅಂದರೆ ಸಾಲುಗಳಿಗೆ, ಹಾಕುವುದು ಪುನರಾವರ್ತನೆಯಲ್ಲ. ಅದರಿಂದ ತಿಳಿಯುವುದು ನಿಮ್ಮ ಪಿಪೆಟ್ ಹಿಡಿಯುವ ಕೈ ಎಷ್ಟು ಸ್ಥಿರ ಎಂಬುದಷ್ಟೇ. ಮೂರನೆಯ ಗುಂಪೊಂದನ್ನೂ ಇಡಿ: ಬರದ ನಂತರ ಮತ್ತೆ ನೀರುಣಿಸಿ ಎರಡು ದಿನ ಬಿಟ್ಟ ಗಿಡಗಳು. ನೀರು ಕಂಡೊಡನೆ ಇಳಿಯುವ ಪ್ರೋಟೀನು ಬರಕ್ಕೆ ಸಂಬಂಧಿಸಿದ್ದು ಎಂದು ಹೇಳಲು ಹೆಚ್ಚಿನ ಧೈರ್ಯ ಬರುತ್ತದೆ.

ಕಿತ್ತ ಎಲೆ ತಕ್ಷಣ ದ್ರವ ಸಾರಜನಕಕ್ಕೆ. ಅದು ಮೈನಸ್ 196 ಡಿಗ್ರಿ. ಮುಚ್ಚಳ ಬಿಗಿಯಾದ ಪಾತ್ರೆಯಲ್ಲಿ ಇಟ್ಟರೆ ಸಿಡಿಯುತ್ತದೆ, ಗಾಳಿಯಾಡದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ನಂತರ ಮೈನಸ್ 80 ಡಿಗ್ರಿಯಲ್ಲಿ ಇಡಿ.

ಹಂತ 4: ಪ್ರೋಟೀನು ತೆಗೆಯುವುದು

ಕುಟ್ಟಾಣಿಯನ್ನು ಮೊದಲೇ ದ್ರವ ಸಾರಜನಕದಲ್ಲಿ ತಣಿಸಿ, ಎಲೆಯನ್ನು ನುಣುಪಾದ ಪುಡಿ ಮಾಡಿ. ಪುಡಿ ಒದ್ದೆಯಾಗಿ ಕಡುಹಸಿರಿಗೆ ತಿರುಗಿದರೆ ಕರಗಿತು ಎಂದರ್ಥ. ಎಲೆಯ ಕಿಣ್ವಗಳು ಪ್ರೋಟೀನು ಕತ್ತರಿಸಲು ಆಗಲೇ ಆರಂಭಿಸಿರುತ್ತವೆ. ಒಂದು ಗ್ರಾಂ ಪುಡಿಗೆ 10 ಮಿಲಿ ಲೀಟರ್ ತಣ್ಣನೆಯ ಅಸಿಟೋನ್, ಅದರಲ್ಲಿ ಶೇ 10 ಟ್ರೈಕ್ಲೋರೊಅಸಿಟಿಕ್ ಆಮ್ಲ ಮತ್ತು ಶೇ 0.07 ಬೀಟಾ-ಮರ್ಕ್ಯಾಪ್ಟೊಎಥನಾಲ್. ಮೈನಸ್ 20ರಲ್ಲಿ ರಾತ್ರಿಯಿಡೀ ಬಿಡಿ. ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನು ಚೆಲ್ಲಿ, ಕೆಳಗಿನ ಗಸಿಯನ್ನು ಅದೇ ಬೀಟಾ-ಮರ್ಕ್ಯಾಪ್ಟೊಎಥನಾಲ್ ಬೆರೆಸಿದ ತಣ್ಣನೆಯ ಅಸಿಟೋನಿನಿಂದ ಮೂರು ಸಲ ತೊಳೆಯಿರಿ. ಹಸಿರು ಹೋಗಿ ಗಸಿ ಬೆಳ್ಳಗಾಗಬೇಕು. ಕಂದಾಗಿಯೇ ಉಳಿದರೆ ಫೀನಾಲಿಕ್ ವಸ್ತುಗಳು ಉಳಿದಿವೆ. ಬರ ಕಂಡ ಎಲೆಯಲ್ಲಿ ಅವು ಹೆಚ್ಚಿರಬಹುದು, ಆದ್ದರಿಂದ ಇನ್ನೊಂದು ಸಲ ತೊಳೆಯಲು ಸೋಮಾರಿತನ ಬೇಡ.

ಗಸಿಯನ್ನು ಹತ್ತು ನಿಮಿಷ ಆರಲು ಬಿಡಿ, ಪೂರ್ತಿ ಒಣಗಿಸಬೇಡಿ, ಒಣಗಿದರೆ ಕರಗುವುದಿಲ್ಲ. 7 ಮೋಲಾರ್ ಯೂರಿಯ, 2 ಮೋಲಾರ್ ಥಯೋಯೂರಿಯ, ಶೇ 4 ಚಾಪ್ಸ್ ಎಂಬ ಮಾರ್ಜಕ ಇರುವ ಬಫರಿನಲ್ಲಿ ಕರಗಿಸಿ. ಈ ಬಫರನ್ನು 37 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಬಾರದು. ಯೂರಿಯ ಒಡೆದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಮುಂದೆ ಗುರುತಿಸುವಾಗ ತೊಂದರೆ ಕೊಡುತ್ತದೆ. ಜೆಲ್ಲಿಗೆ ಹಾಕುವ ಮುನ್ನ ಮಾದರಿಯನ್ನು ಕುದಿಸುವ ರೂಢಿ ಎಲ್ಲರಿಗೂ ಇರುವುದರಿಂದ ಇಲ್ಲಿ ಎಡವುವವರು ಬಹಳ.

ಎಚ್ಚರ: ಟ್ರೈಕ್ಲೋರೊಅಸಿಟಿಕ್ ಆಮ್ಲ ಚರ್ಮ ಸುಡುತ್ತದೆ, ಬೀಟಾ-ಮರ್ಕ್ಯಾಪ್ಟೊಎಥನಾಲ್ ಕೆಲಸ ಫ್ಯೂಮ್ ಹುಡ್ ಒಳಗೇ ಆಗಬೇಕು, ಜೆಲ್ ಆಗಿ ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ.

ಹಂತ 5: ಕುದಿಸಿ ಬೇರ್ಪಡಿಸುವ ಉಪಾಯ

ದುಬಾರಿ ಉಪಕರಣ ಇಲ್ಲದ ಕಾಲೇಜುಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಡಿಹೈಡ್ರಿನ್ ಮತ್ತು ಅನೇಕ ಎಲ್‌ಇಎ ಪ್ರೋಟೀನುಗಳಿಗೆ ನಿಶ್ಚಿತ ಮಡಿಕೆಯ ಆಕಾರವಿಲ್ಲ, ನೀರನ್ನು ಬಹಳ ಇಷ್ಟಪಡುತ್ತವೆ. ಕೆಡಲು ಆಕಾರವೇ ಇಲ್ಲದ್ದರಿಂದ ಕುದಿಸಿದರೂ ಕರಗಿಯೇ ಉಳಿಯುತ್ತವೆ. ರುಬಿಸ್ಕೊ ಸೇರಿದಂತೆ ಉಳಿದವು ಹೆಪ್ಪುಗಟ್ಟಿ ಕೆಳಗೆ ಕೂರುತ್ತವೆ.

ಇದಕ್ಕೆ ಬೇರೆಯದೇ ಮಾದರಿ ಬೇಕು. ಪುಡಿಯನ್ನು ಪಿಎಚ್ 7.5ರ 50 ಮಿಲಿಮೋಲಾರ್ ಟ್ರಿಸ್ ಬಫರಿನಲ್ಲಿ ಕಲಸಿ. ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವ ಪಿಎಂಎಸ್‌ಎಫ್ ಅನ್ನು ಕೊನೆಗಳಿಗೆಯಲ್ಲಿ ಸೇರಿಸಿ. ನೀರಿನಲ್ಲಿ ಅದು ಬೇಗ ನಿಷ್ಕ್ರಿಯವಾಗುತ್ತದೆ. ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದು, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಡಿ. ಮೊದಲ ಎರಡು ಮೂರು ನಿಮಿಷಗಳಲ್ಲೇ ದ್ರವ ಕದಡಿ, ಹಸಿರು ಮಿಶ್ರಿತ ಬಿಳಿ ಚೂರುಗಳು ತೇಲತೊಡಗುತ್ತವೆ. ಹತ್ತು ನಿಮಿಷ ಐಸ್‌ನಲ್ಲಿಟ್ಟು ಮತ್ತೆ ಸೆಂಟ್ರಿಫ್ಯೂಜ್ ಮಾಡಿದರೆ ಮೇಲೆ ಉಳಿಯುವ ತಿಳಿಯಲ್ಲಿ ಶಾಖಕ್ಕೆ ಜಗ್ಗದ ಪ್ರೋಟೀನುಗಳು. ಅವು ಬಹಳ ತೆಳುವಾಗಿರುವುದರಿಂದ ನಾಲ್ಕು ಪಟ್ಟು ತಣ್ಣನೆಯ ಅಸಿಟೋನ್ ಹಾಕಿ ಇಳಿಸಿಕೊಳ್ಳಿ.

ನೀರುಂಡ ಮತ್ತು ಬರದ ಎಲೆಗಳ ಈ ತಿಳಿಯನ್ನು ಅಕ್ಕಪಕ್ಕ ಓಡಿಸಿದರೆ, ಪೂರ್ತಿ ರಸದಲ್ಲಿ ಕಾಣದ ವ್ಯತ್ಯಾಸ ಇಲ್ಲಿ ಎದ್ದು ಕಾಣಬಹುದು. ಡಿಹೈಡ್ರಿನ್ ಎಂದು ಖಚಿತಪಡಿಸಲು ವೆಸ್ಟರ್ನ್ ಬ್ಲಾಟ್ ಇದೆ, ಅಂದರೆ ಪ್ರತಿಕಾಯದಿಂದ ಒಂದೇ ಬಗೆಯ ಪ್ರೋಟೀನನ್ನು ಹಿಡಿದು ತೋರಿಸುವ ವಿಧಾನ. ಡಿಹೈಡ್ರಿನ್‌ಗಳಲ್ಲಿ ಲೈಸಿನ್ ತುಂಬಿದ 15 ಅಮೈನೊ ಆಮ್ಲಗಳ ಒಂದು ತುಣುಕು ಬೆಳೆ ಬದಲಾದರೂ ಹೆಚ್ಚು ಬದಲಾಗುವುದಿಲ್ಲ. ಆ ತುಣುಕಿಗೆ ತಯಾರಿಸಿದ ಪ್ರತಿಕಾಯ ಮಾರುಕಟ್ಟೆಯಲ್ಲಿ ಸಿಗುತ್ತದೆ, ರಾಗಿಗೂ ಪ್ರಯತ್ನಿಸಬಹುದು. ಡಿಹೈಡ್ರಿನ್‌ಗಳು ಎಸ್‌ಡಿಎಸ್ ಅನ್ನು ಕಡಿಮೆ ಹಿಡಿಯುವುದರಿಂದ ಜೆಲ್ಲಿನಲ್ಲಿ ನಿಧಾನವಾಗಿ ಓಡಿ, ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಗಾತ್ರ ತಾಳೆಯಾಗಲಿಲ್ಲವೆಂದು ಎಸೆಯಬೇಡಿ.

ಹಂತ 6: ಅಳೆದು ಜೆಲ್ ಓಡಿಸುವುದು

ಪ್ರೋಟೀನಿನ ಪ್ರಮಾಣಕ್ಕೆ 1976ರಿಂದ ಬಳಕೆಯಲ್ಲಿರುವ ಬ್ರಾಡ್‌ಫೋರ್ಡ್ ವಿಧಾನ ಸಾಕು. ಕೂಮಾಸಿ ಬಣ್ಣ ಪ್ರೋಟೀನಿಗೆ ಅಂಟಿ ನೀಲಿಯಾಗುತ್ತದೆ, 595 ನ್ಯಾನೊಮೀಟರಿನಲ್ಲಿ ಓದಬೇಕು. ಹೋಲಿಕೆಯ ಅಲ್ಬುಮಿನ್ ರೇಖೆಯನ್ನು ನಿಮ್ಮ ಮಾದರಿಯ ಬಫರಿನಲ್ಲೇ ತಯಾರಿಸಿ. ನೀರಿನಲ್ಲಿ ತಯಾರಿಸಿದ ರೇಖೆಯಿಂದ ಯೂರಿಯ ಬಫರಿನ ಮಾದರಿ ಓದಬಾರದು. ಎಸ್‌ಡಿಎಸ್ ಬೆರೆತ ಮಾದರಿಗೆ ಈ ವಿಧಾನ ಸಲ್ಲದು.

ಈಗ ಎಲ್ಲಕ್ಕಿಂತ ಹೆಚ್ಚು ಜನ ಜಾರುವ ಜಾಗ. "ಒಂದು ಗ್ರಾಂ ಹಸಿ ಎಲೆಗೆ ಪ್ರೋಟೀನು ಹೆಚ್ಚಾಯಿತು" ಎಂದು ಬರೆಯುತ್ತಾರೆ. ಬರ ಕಂಡ ಎಲೆಯಲ್ಲಿ ನೀರೇ ಹೋಗಿದೆ. ಬತ್ತಿಸಿದ ಹಾಲಿನ ಒಂದು ಲೋಟದಲ್ಲಿ ಕೆನೆ ಹೆಚ್ಚಿರುವಂತೆ, ಪ್ರೋಟೀನು ಒಂದಿಷ್ಟೂ ಏರದಿದ್ದರೂ ಗ್ರಾಂ ಲೆಕ್ಕದಲ್ಲಿ ಏರಿದಂತೆ ಕಾಣುತ್ತದೆ. ಒಣ ತೂಕಕ್ಕೆ ಲೆಕ್ಕ ಹಾಕಿ.

ಪ್ರತಿ ಲೇನಿಗೆ ಸಮ ಪ್ರೋಟೀನು, 20ರಿಂದ 30 ಮೈಕ್ರೊಗ್ರಾಂ, ಹಾಕುವುದು ರೂಢಿ. ಅದರಲ್ಲೂ ಒಂದು ಬಲೆಯಿದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ರುಬಿಸ್ಕೊ ನೇರವಾಗಿ ಹಿಡಿಯುವ ಭತ್ತ, ಶೇಂಗಾದಂತಹ ಸಿ3 ಬೆಳೆಗಳ ಎಲೆಯಲ್ಲಿ ಕರಗುವ ಪ್ರೋಟೀನಿನ ಅರ್ಧದಷ್ಟು ರುಬಿಸ್ಕೊ ಒಂದೇ ಇರಬಹುದು. ಅದು ಕುಸಿದರೆ, ಸಮತೂಕ ಮಾಡುವ ಲೆಕ್ಕದಲ್ಲಿ ಉಳಿದವೆಲ್ಲ ಏರಿದಂತೆ ಕಾಣುತ್ತವೆ. ರಾಗಿ, ಜೋಳ, ಮುಸುಕಿನ ಜೋಳ ಸಿ4 ಬೆಳೆಗಳು, ಅಂದರೆ ಅದನ್ನು ಮೊದಲು ಪಿಇಪಿ ಕಾರ್ಬಾಕ್ಸಿಲೇಸ್ ಎಂಬ ಬೇರೆ ಕಿಣ್ವದಿಂದ ಹಿಡಿಯುವವು. ರುಬಿಸ್ಕೊ ಪಾಲು ಕಡಿಮೆ, ಬಲೆಯೂ ಸ್ವಲ್ಪ ಸಡಿಲ, ಆದರೆ ಇಲ್ಲವೆಂದಲ್ಲ. 12 ಶೇಕಡಾ ಜೆಲ್ಲಿನಲ್ಲಿ ರುಬಿಸ್ಕೊದ ದೊಡ್ಡ ಭಾಗ ಸುಮಾರು 55 ಕಿಲೊಡಾಲ್ಟನ್ ಬಳಿ, ಚಿಕ್ಕದು 15ರ ಬಳಿ, ಸಿ4 ಎಲೆಯ ವಿಶೇಷವಾದ ಪಿಇಪಿ ಕಾರ್ಬಾಕ್ಸಿಲೇಸ್ ಸುಮಾರು 110ರ ಬಳಿ ನಿಲ್ಲುತ್ತವೆ. ಮೊದಲು ಈ ಮೂರನ್ನು ಗುರುತಿಸಿ, ಆಮೇಲೆ ಬೇರೆಯದರ ಮಾತಾಡಿ. ವೆಸ್ಟರ್ನ್ ಬ್ಲಾಟಿನಲ್ಲಿ ಆಕ್ಟಿನ್ ಎಂಬ ಪ್ರೋಟೀನನ್ನು ಸ್ಥಿರ ಅಳತೆಗೋಲು ಎಂದು ನಂಬುವುದಕ್ಕಿಂತ, ಜೆಲ್ಲಿನಿಂದ ಪ್ರೋಟೀನುಗಳನ್ನು ವರ್ಗಾಯಿಸಿಕೊಂಡ ಹಾಳೆಯ ಮೇಲಿನ ಒಟ್ಟು ಪ್ರೋಟೀನನ್ನು ಪೊನ್ಸೊ ಬಣ್ಣದಲ್ಲಿ ತೋರಿಸುವುದು ನನ್ನ ದೃಷ್ಟಿಯಲ್ಲಿ ಪ್ರಾಮಾಣಿಕ.

ಹಂತ 7: ಗುರುತಿಸಲು ಕಳುಹಿಸುವುದು

ಜೆಲ್ ತುಂಡನ್ನೋ ಪೂರ್ತಿ ಮಾದರಿಯನ್ನೋ ಕಳುಹಿಸಿದರೆ, ಅಲ್ಲಿ ಟ್ರಿಪ್ಸಿನ್ ಕಿಣ್ವದಿಂದ ಪ್ರೋಟೀನನ್ನು ತುಂಡರಿಸಿ ತುಂಡುಗಳ ದ್ರವ್ಯರಾಶಿಯನ್ನು ಅಳೆಯುತ್ತಾರೆ. ಕೈಗವಸು ಹಾಕದೆ, ಕೂದಲು ಇಳಿಬಿಟ್ಟು ಜೆಲ್ ಮೇಲೆ ಬಾಗಿದರೆ ಪಟ್ಟಿಯ ಮೊದಲಲ್ಲೇ ಮನುಷ್ಯರ ಕೆರಾಟಿನ್ ಬರುತ್ತದೆ. ಹೋಲಿಕೆಯ ದತ್ತಾಂಶ ಯಾವುದೆಂದು ನೀವೇ ಹೇಳಿ: ರಾಗಿಯ ಪ್ರೋಟೀನು ಪಟ್ಟಿ, ಜೊತೆಗೆ ಹುಲ್ಲು ಕುಟುಂಬದ ಪಟ್ಟಿ. ರಾಗಿ ಚತುರ್ಗುಣಿತ, ಅಂದರೆ ಎರಡು ಮೂಲಗಳ ವರ್ಣತಂತುಗಳು ಸೇರಿ ಒಟ್ಟು 36; ಒಂದೇ ಪ್ರೋಟೀನಿನ ಜೋಡಿ ರೂಪಗಳು ತುಂಡುಗಳಾದ ಮೇಲೆ ಬೇರ್ಪಡಿಸಲಾಗದಂತೆ ಬೆರೆಯುತ್ತವೆ. ಪ್ರತಿ ಪ್ರೋಟೀನಿಗೆ ಕನಿಷ್ಠ ಎರಡು ವಿಶಿಷ್ಟ ತುಂಡುಗಳು ಮತ್ತು ಶೇ 1ರ ಸುಳ್ಳು ಪತ್ತೆ ಮಿತಿ, ಅಂದರೆ ಗುರುತಿಸಿದವುಗಳಲ್ಲಿ ತಪ್ಪು ಶೇ 1 ಮೀರದಿರುವುದನ್ನು, ಕೇಳಿ.

ಪಟ್ಟಿ ಓದುವಾಗ

ಅಕ್ವಾಪೋರಿನ್, ಅಂದರೆ ಪೊರೆಯಲ್ಲಿ ನೀರು ಹಾಯಿಸುವ ಪ್ರೋಟೀನು, ಪಟ್ಟಿಯಲ್ಲಿ ಇಲ್ಲದಿದ್ದರೆ ಎಲೆಯಲ್ಲಿ ಇಲ್ಲವೆಂದಲ್ಲ. ಪೊರೆಯ ಪ್ರೋಟೀನುಗಳು ಮೇಲಿನ ವಿಧಾನದಲ್ಲಿ ಚೆನ್ನಾಗಿ ಹೊರಬರುವುದಿಲ್ಲ. ಜೀನಿನ ಆರ್‌ಎನ್‌ಎ ಏರಿದೆ, ಪ್ರೋಟೀನು ಏರಿಲ್ಲ ಎಂದರೆ ಎರಡರಲ್ಲೊಂದು ತಪ್ಪಿರಬೇಕಾಗಿಲ್ಲ. ಆರ್‌ಎನ್‌ಎಯಿಂದ ಪ್ರೋಟೀನು ತಯಾರಾಗುವ ವೇಗವೂ ಪ್ರೋಟೀನು ನಾಶವಾಗುವ ವೇಗವೂ ಬರದಲ್ಲಿ ಬದಲಾಗುತ್ತವೆ. ಬಾಡಿಹೋಗುವ ತಳಿಯಲ್ಲೇ ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ಹೆಚ್ಚು ಏರಿದ್ದರೆ ಅದು ಶಕ್ತಿಯ ಗುರುತಾಗಿರದೆ ಒಳಗಿನ ಹಾನಿ ಹೆಚ್ಚಿರುವುದರ ಗುರುತಿರಬಹುದು. ಆದ್ದರಿಂದ ಜೆಲ್ ಚಿತ್ರದ ಪ್ರತಿ ಲೇನಿನ ಕೆಳಗೂ ಆ ಎಲೆಯ ನೀರಿನಂಶವನ್ನು ಅಚ್ಚು ಹಾಕಿ. ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ಕೊನೆಗೆ, ಹಲವರು ಕೇಳುವ ಇನ್ನೊಂದು ಪ್ರಶ್ನೆ: ರೈತರ ಹೊಲದ ಎಲೆ ತರಬಹುದೇ? ತರಬಹುದು. ಒಂದೇ ಹೊಲದ ಒಣಗಿದ ದಿಬ್ಬ ಮತ್ತು ತೇವವಿರುವ ತಗ್ಗಿನಿಂದ ತನ್ನಿ, ಮಣ್ಣಿನ ತೇವಾಂಶಕ್ಕೆ ಬೇರಿನ ಆಳದಿಂದ ಮಾದರಿ ತೆಗೆಯಿರಿ. ನೀರಿನಂಶದ ತುಂಡುಗಳನ್ನು ಮೊದಲೇ ತೂಗಿಟ್ಟ ಬಿಗಿ ಮುಚ್ಚಳದ ಬಾಟಲಿಗಳಲ್ಲಿ ಹಾಕಿ ಐಸ್ ಡಬ್ಬಿಯಲ್ಲಿ ಬೇಗ ತಂದರೆ ಸಾಕು. ಪ್ರೋಟೀನಿನ ಎಲೆಗೆ ಐಸ್ ಸಾಲದು. ದ್ರವ ಸಾರಜನಕದ ಕ್ಯಾನ್ ಒಯ್ಯಲು ಆಗದಿದ್ದರೆ ಪುಡಿ ಮಾಡಿದ ಡ್ರೈ ಐಸ್ ನಡುವೆ ಎಲೆಯನ್ನು ಹೂತು ತನ್ನಿ. ಡಬ್ಬಿಯ ಮುಚ್ಚಳ ಬಿಗಿಯದಿರಲಿ, ವಾಹನದ ಕಿಟಕಿ ತೆರೆದಿರಲಿ.